ಮೂರು ಹಿಡಿ, ಎರಡು ಬಿಡು

ರಾಮಕೃಷ್ಣನಗರದಲ್ಲಿ ಮಹದೇವುವಿನ ಅಂಗಡಿ ಅಂದರೆ ಒಂದು ಶಟರು, ಒಂದು ಮೇಜು, ಗೋಡೆಯ ಮೇಲೆ ಎರಡು ಗಡಿಯಾರ. ಒಂದು ಮೈಸೂರಿನ ಹೊತ್ತು ಹೇಳುತ್ತಿತ್ತು. ಇನ್ನೊಂದರ ಮುಳ್ಳನ್ನು ಅವನು ಕುರ್ಚಿ ಹತ್ತಿ, ಗಿರಾಕಿ ಯಾವ ದೇಶಕ್ಕೆ ಹೊರಟರೆ ಆ ದೇಶದ ಹೊತ್ತಿಗೆ ತಿರುಗಿಸುತ್ತಿದ್ದ. ದುಬೈ ಆದರೆ ಹಿಂದಕ್ಕೆ, ಸಿಂಗಪುರ ಆದರೆ ಮುಂದಕ್ಕೆ. ಆ ಗುರುವಾರ ಅದು ಎರಡೂವರೆ ಗಂಟೆ ಮುಂದಿತ್ತು. ಮಲೇಷ್ಯಾ.

ವಿಮಾನದ ಟಿಕೆಟ್ಟನ್ನು ಯಾರು ಬೇಕಾದರೂ ಮಾಡಿಸಿಕೊಡುತ್ತಾರೆ. ಮಹದೇವು ಹೆಸರು ಮಾಡಿದ್ದು ಹೋಟೆಲ್ ರೇಟಿನಲ್ಲಿ. ನಂಜನಗೂಡಿನ ಆಚೆ, ಕಬಿನಿ ದಡದ ಊರಿನಲ್ಲಿ ಭತ್ತ ಬೆಳೆಯುವ ಮನೆಯವನು. ಪೇಟೆಗೆ ಬಂದು ಈ ಕೆಲಸ ಹಿಡಿದು ಹನ್ನೆರಡು ವರ್ಷ. ಯಾದವಗಿರಿಯ ಬಂಗಲೆಯವರೂ, ಜಯಲಕ್ಷ್ಮಿಪುರಂನ ನಿವೃತ್ತ ಮೇಷ್ಟರುಗಳೂ ಬ್ಯಾಂಕಾಕಿಗೋ ಬಾಲಿಗೋ ಹೊರಡುವ ಮುಂಚೆ ಅವನ ಮೇಜಿನ ಮುಂದೆ ಬಂದು ಕೂರುತ್ತಿದ್ದರು. ಅವನ ವಿದ್ಯೆ ಸರಳ. ಮುಂಗಡ ಕಟ್ಟದೆ, ಬೇಡವಾದರೆ ಪುಕ್ಕಟೆ ರದ್ದು ಮಾಡಬಹುದಾದ ಮೂರು ರೂಮು ಹಿಡಿದಿಡುವುದು. ಗದ್ದೆಗೆ ಹೋಗಿ ನೀರು ನೋಡುವ ಹಾಗೆ ದಿನಾ ಬೆಳಿಗ್ಗೆ ರೇಟು ನೋಡುವುದು. ಇಳಿದ ಕಡೆಗೆ ಹೊರಳುವುದು. ಗಡುವಿನೊಳಗೆ ಒಂದನ್ನು ಇಟ್ಟುಕೊಂಡು ಎರಡನ್ನು ಬಿಡುವುದು. ಗಡುವು ದಾಟಿತೋ, ಮೂರರ ದುಡ್ಡೂ ಕಾರ್ಡಿನಿಂದ ಹೋಯಿತು. ಹನ್ನೆರಡು ವರ್ಷದಲ್ಲಿ ಒಂದು ಸಲವೂ ಅವನು ಗಡುವು ದಾಟಿಸಿರಲಿಲ್ಲ. ಅವನ ಅವ್ವನಿಗೆ ಮಣ್ಣು ಕೊಡುವ ಹೊತ್ತಿನಲ್ಲಿ ಗುಂಡಿಯಿಂದ ಹತ್ತು ಮಾರು ಆಚೆ ಹೋಗಿ ನಿಂತು, ದುಬೈನ ಎರಡು ರೂಮು ರದ್ದು ಮಾಡಿ ಬಂದು ಆಮೇಲೆ ಹಿಡಿಮಣ್ಣು ಹಾಕಿದ್ದ. ಊರಿನವರು ಅದನ್ನು ಇವತ್ತಿಗೂ ಆಡಿಕೊಳ್ಳುತ್ತಾರೆ.

ಇವತ್ತು ಹಿಡಿದಿದ್ದ ಮೂರು ರೂಮು ಅಕ್ಕನ ಮಗಳು ಗಗನಳ ಹೆಸರಲ್ಲಿತ್ತು. ಪೆನಾಂಗಿನಲ್ಲೊಂದು, ಮಲಾಕದಲ್ಲೊಂದು, ಇಪೋ ಅನ್ನುವ ಸಣ್ಣ ಊರಿನಲ್ಲೊಂದು. ಇಪ್ಪತ್ತೆಂಟು ದಿನಕ್ಕೆ ಒಟ್ಟಿಗೇ ಹಿಡಿದರೆ ಅರ್ಧಕ್ಕರ್ಧ ಬಿಡುತ್ತಾರೆ. ಮೇ ತಿಂಗಳ ಊಟಿಗಿಂತ ಅಗ್ಗ.

ಗಗನ ಅವನ ಅಂಗಡಿಯಲ್ಲೇ ಎರಡು ವರ್ಷ ಕೆಲಸ ಕಲಿತವಳು. ಸೋಮವಾರ ಚೈತನ್ಯ ಅನ್ನುವ ಹುಡುಗನನ್ನು ರಿಜಿಸ್ಟರ್ ಮದುವೆ ಆಗಿದ್ದಳು. ಹುಡುಗ ಬೇರೆ ಜಾತಿ. ಹಸೆಮಣೆಗೆ ಹೆಣ್ಣನ್ನು ಕೈಹಿಡಿದು ಕರೆತರುವುದು ಸೋದರಮಾವನ ಕೆಲಸ. ಹಸೆಮಣೆ ಇರಲಿಲ್ಲ, ಹಾಗಾಗಿ ಮಹದೇವು ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲ ಮೇಲೆ ಅವಳ ಕೈ ಹಿಡಿದು ಹತ್ತಿಸಿ, ಸಾಕ್ಷಿ ರುಜು ಹಾಕಿದ್ದ. ಫೆಬ್ರವರಿಯಲ್ಲಿ ವಿಷಯ ಮೊದಲ ಸಲ ಗೊತ್ತಾದಾಗ ಅವಳ ಅಪ್ಪ ಚಿಕ್ಕಯ್ಯ ಅವಳನ್ನು ಕೊಟ್ಟಿಗೆಯ ಕಂಬಕ್ಕೆ ಕಟ್ಟಿ, ಹುಲ್ಲು ಕೊಯ್ಯುವ ಕುಡುಗೋಲಿನಲ್ಲಿ ಜಡೆ ಕೊಯ್ದಿದ್ದ. ಮುಂದಿನ ಸಲ ಜಡೆಯಲ್ಲ, ಕತ್ತು ಅಂದಿದ್ದ. ಚಿಕ್ಕಯ್ಯ ಹಾಗೆ ಅಂದರೆ ಅದು ಮಾತಲ್ಲ ಅಂತ ಮಹದೇವುಗೆ ಗೊತ್ತಿತ್ತು. ಅದಕ್ಕೇ ಮಲೇಷ್ಯಾ. ಈ ಸೀಮೆಯಲ್ಲಿ ಎಲ್ಲಿ ಹೋಗಿ ಅಡಗಿದರೂ ಅಲ್ಲಿ ಚಿಕ್ಕಯ್ಯನ ಪರಿಚಯದ ಒಬ್ಬ ದಲ್ಲಾಳಿ ಇರುತ್ತಿದ್ದ.

ಗಂಡ ಹೆಂಡತಿ ಬಸ್ಸಿನಲ್ಲಿ ಕೊಚ್ಚಿಗೆ ಹೋಗಿದ್ದರು. ಸಂಜೆ ಆರಕ್ಕೆ ವಿಮಾನ. ಬೆಳಗಾದರೆ ಇಪೋ. ಅದು ಅವಳೇ ಆರಿಸಿದ ಊರು. ರದ್ದು ಮಾಡುವ ಗಡುವು ಅಲ್ಲಿಯ ರಾತ್ರಿ ಎಂಟು, ನಮ್ಮ ಸಂಜೆ ಐದೂವರೆ. ಐದಕ್ಕೆ ಪೆನಾಂಗನ್ನೂ ಮಲಾಕವನ್ನೂ ಬಿಟ್ಟುಬಿಡೋಣ ಅಂದುಕೊಂಡು ಮಹದೇವು ಟೀ ತರಿಸಿದ್ದ. ನಾಲ್ಕೂ ಹತ್ತಾಗಿತ್ತು.

ಟೀ ಲೋಟ ಬಾಯಿಗಿಡುವ ಹೊತ್ತಿಗೆ ಹೊರಗಿನ ಬೆಳಕು ಕಡಿಮೆಯಾಯಿತು. ಬಾಗಿಲಲ್ಲಿ ಇಬ್ಬರು ನಿಂತಿದ್ದರು. ಮುಂದೆ ಚಿಕ್ಕಯ್ಯ, ಹೆಗಲ ಮೇಲೆ ಟವಲ್ಲು. ಹಿಂದೆ ಅವನ ಅಣ್ಣನ ಮಗ ಪ್ರಸಾದ್, ಕೋಣದಂಥ ಕತ್ತು.

"ಏನ್ಲಾ ಮಾದೇವ, ಚೆಂದಾಗಿದ್ದೀಯಾ?" ಅಂದ ಚಿಕ್ಕಯ್ಯ.

"ಬನ್ನಿ ಭಾವ. ಕೂತ್ಕಳಿ. ಟೀ..."

"ಕುಡೀತೀನಿ. ಪ್ರಸಾದ, ಬಾಗ್ಲು ಎಳಿ ಮಗ. ಬಿಸ್ಲು ಕಣ್ಗೆ ಒಡೀತದೆ."

ಶಟರು ದಡದಡ ಇಳಿಯಿತು. ಟ್ಯೂಬ್‌ಲೈಟಿನ ಬೆಳಕಿನಲ್ಲಿ ಚಿಕ್ಕಯ್ಯ ಮೇಜಿನ ಮೇಲಿದ್ದ ಟೀ ಲೋಟ ಎತ್ತಿಕೊಂಡು, ಒಂದು ಗುಟುಕು ಕುಡಿದು, ಮಿಕ್ಕದ್ದನ್ನು ಮಹದೇವುವಿನ ಮುಖಕ್ಕೆ ಎರಚಿದ.

ಕಣ್ಣು ಒರೆಸಿಕೊಳ್ಳುವಷ್ಟರಲ್ಲಿ ಪ್ರಸಾದ್ ಮೇಜಿನ ಈಚೆ ಬಂದಿದ್ದ. ಎತ್ತಿಗೆ ಲಾಳ ಹೊಡೆಯುವಾಗ ಕೆಡವುವ ಹಾಗೆ ಒಂದು ಕಾಲು ಅಡ್ಡ ಕೊಟ್ಟು ಕತ್ತು ತಿರುವಿದ. ಮಹದೇವು ಕುರ್ಚಿಯ ಸಮೇತ ನೆಲಕ್ಕೆ ಬಿದ್ದ. ಪಕ್ಕೆಗೆ ಮೊದಲ ಒದೆ ಬಿತ್ತು. ಎರಡನೆಯದಕ್ಕೆ ಉಸಿರು ನಿಂತಿತು. ಮೂರನೆಯದು ಬಾಯಿಗೆ, ನಾಲಿಗೆಗೆ ಏನೋ ಗಟ್ಟಿಯಾದದ್ದು ಸಿಕ್ಕಿತು, ಉಗಿದಾಗ ಹಲ್ಲು.

"ಸಾಕು, ಬಾಯಿ ಬೇಕು ನಮ್ಗೆ" ಅಂದ ಚಿಕ್ಕಯ್ಯ. ಅವನು ಗಿರಾಕಿಗಳ ಕುರ್ಚಿಯಲ್ಲಿ ಕೂತಿದ್ದ. "ಎಲ್ಲವ್ಳೆ?"

"ಗೊತ್ತಿಲ್ಲ ಭಾವ."

"ರುಜು ಹಾಕೋಕೆ ಗೊತ್ತಿತ್ತಾ?"

ಪ್ರಸಾದ್ ಶಟರು ಎಳೆಯುವ ಕೊಕ್ಕೆಯ ಸರಳನ್ನು ಮೂಲೆಯಿಂದ ತೆಗೆದುಕೊಂಡು ಮೊಣಕಾಲ ಚಿಪ್ಪಿನ ಮೇಲೆ ಒಂದು ಕೊಟ್ಟ. ಮಹದೇವು ಕೂಗಿದ. ಪಕ್ಕದ ಮಳಿಗೆಯ ಗಿರಣಿ ಗುರ್ರೆಂದು ಓಡುತ್ತಿತ್ತು. ಯಾರದೋ ಮನೆಯ ರಾಗಿ ಬೀಸುತ್ತಿದ್ದರು. ಆ ಸದ್ದಿನಲ್ಲಿ ಅವನ ಕೂಗು ಅವನಿಗೇ ಅರ್ಧ ಕೇಳಿಸಿತು.

"ಫೋನು" ಅಂದ ಚಿಕ್ಕಯ್ಯ.

ಫೋನು ಹೆಬ್ಬೆರಳಿಗೆ ತೆರೆಯುತ್ತಿತ್ತು. ಪ್ರಸಾದ್ ಅವನನ್ನು ಎತ್ತಿ ಕುರ್ಚಿಗೆ ಹಾಕಿ ಬಲಗೈ ಎಳೆದ. ಮಹದೇವು ಮುಷ್ಟಿ ಬಿಗಿದ. ಆಗ ಪ್ರಸಾದ್ ಮೇಜಿನ ಡ್ರಾಯರು ಹೊರಗೆಳೆದು, ಆ ಮುಷ್ಟಿಯನ್ನು ಅದರ ಅಂಚಿನಲ್ಲಿಟ್ಟು, ಮೊಣಕಾಲಿನಿಂದ ದಬ್ಬಿ ಮುಚ್ಚಿದ. ಒಂದು ಸಲ. ಇನ್ನೊಂದು ಸಲ. ಒಣಗಿದ ಕಬ್ಬಿನ ಜಲ್ಲೆ ಮುರಿದ ಹಾಗೆ ಸದ್ದಾಯಿತು. ಮುಷ್ಟಿ ತಾನೇ ಬಿಚ್ಚಿಕೊಂಡಿತು. ಉಂಗುರದ ಬೆರಳೂ ಕಿರುಬೆರಳೂ ತಮ್ಮದಲ್ಲದ ದಿಕ್ಕಿಗೆ ತಿರುಗಿದ್ದವು.

ಫೋನು ತೆರೆಯಿತು. ಪ್ರಸಾದ್ ಒತ್ತಿ ಒತ್ತಿ ನೋಡಿ, "ಸಿಗ್ತು ಚಿಕ್ಕಪ್ಪ" ಅಂದ. "ಗಗನನ ಹೆಸರದೆ. ಪೆನಾಂಗು... ಅಲ್ಲಲ್ಲ, ಇನ್ನೊಂದದೆ. ಮಲಾಕ. ಅಯ್ಯೋ, ಇನ್ನೊಂದೂ ಅದೆ. ಇಪೋ. ಮೂರೂ ನಾಳೆಗೇ. ಇದೇನ್ ಮಾದೇವ್ ಮಾವ, ಒಬ್ಳು ಮೂರು ಕಡೆ ಮನೀಕತಾಳಾ?"

ಚಿಕ್ಕಯ್ಯ ನಕ್ಕ. "ಅದು ಇವನ್ ವಿದ್ಯೆ ಕಣ್ಲಾ."

ಹೋದ ವರ್ಷ ಊರಿನ ಹದಿನೆಂಟು ಜನರನ್ನು ಮಹದೇವು ಮಲೇಷ್ಯಾಕ್ಕೆ ಕರೆದುಕೊಂಡು ಹೋಗಿದ್ದ. ಅಡುಗೆಯವನೊಬ್ಬ, ಇಪ್ಪತ್ತು ಸೇರು ರಾಗಿಹಿಟ್ಟು, ಒಂದು ತಪ್ಪಲೆ ಜೊತೆಗೆ. ಬಸ್ಸಿನಲ್ಲಿ ಮೈಕು ಹಿಡಿದು, ಮೂರು ಹಿಡಿ ಎರಡು ಬಿಡು ಅಂತ ತನ್ನ ಗುಟ್ಟನ್ನು ತಾನೇ ಹೇಳಿ ಎಲ್ಲರ ಕೈಲಿ ಚಪ್ಪಾಳೆ ಹೊಡೆಸಿಕೊಂಡಿದ್ದ. ಮುಂದಿನ ಸೀಟಿನಲ್ಲಿ ಕೂತು ಚಪ್ಪಾಳೆ ಹೊಡೆದವರಲ್ಲಿ ಚಿಕ್ಕಯ್ಯನೂ ಒಬ್ಬ, ಪ್ರಸಾದನೂ ಒಬ್ಬ. ಅವರಿಬ್ಬರ ಪಾಸ್‌ಪೋರ್ಟನ್ನು ಓಡಾಡಿ ಮಾಡಿಸಿಕೊಟ್ಟವನೂ ಮಹದೇವುವೇ.

"ಮೂರ್ರಾಗೆ ಒಂದು ದಿಟ. ಯಾವ್ದು?"

"ಭಾವ, ನನ್ ಸಾಯ್ಸಿ ಬೇಕಾದ್ರೆ."

"ಸಾಯ್ಸೋನೆ. ಮೊದ್ಲು ಯಾಪಾರ ಮುಗೀಲಿ."

ಚಿಕ್ಕಯ್ಯ ಈಗ ಸೈಟು ಮಾರುತ್ತಿದ್ದ, ಆದರೆ ಮೂವತ್ತು ವರ್ಷ ದನದ ದಲ್ಲಾಳಿ. ದನದ ವ್ಯಾಪಾರದಲ್ಲಿ ಬಾಯಿ ಬೆಲೆ ಹೇಳುವುದಿಲ್ಲ. ದಲ್ಲಾಳಿ ಟವಲ್ಲಿನ ಕೆಳಗೆ ಮಾರುವವನ ಕೈ ಹಿಡಿದು ಬೆರಳು ಒತ್ತಿ ಕೇಳುತ್ತಾನೆ. ಮಾರುವವನ ಬೆರಳು ಅದುರಿದ್ದರಲ್ಲೇ ಅವನು ಎಷ್ಟಕ್ಕೆ ಬಗ್ಗುತ್ತಾನೆ ಅಂತ ತಿಳಿದುಕೊಳ್ಳುತ್ತಾನೆ. ಚಿಕ್ಕಯ್ಯನ ಕೈಗೆ ಸುಳ್ಳು ಹೇಳಿದ ಬೆರಳಿಲ್ಲ ಅಂತ ಸುತ್ತಿನ ಊರುಗಳಲ್ಲಿ ಮಾತಿತ್ತು.

ಅವನು ಹೆಗಲಿನ ಟವಲ್ಲು ತೆಗೆದು ಮಹದೇವುವಿನ ಬಲಗೈ ಮೇಲೆ ಹಾಸಿದ. ಕೆಳಗಿಂದ ತನ್ನ ಕೈ ತೂರಿಸಿದ. ಬೆಚ್ಚಗಿನ, ಒರಟಾದ ಕೈ. ಮುಖ ಮುಖದ ಹತ್ತಿರ ತಂದ. ಎಲೆ ಅಡಿಕೆಯ ವಾಸನೆ.

"ಪೆನಾಂಗು" ಅಂದು ತೋರುಬೆರಳು ಒತ್ತಿದ.

ಮಹದೇವು ಕಣ್ಣು ಮುಚ್ಚಿಕೊಂಡ.

"ಮಲಾಕ." ನಡುಬೆರಳು.

ಮುಂದಿನ ಹೆಸರು ಬರುತ್ತದೆ ಅಂತ ಮಹದೇವುಗೆ ಗೊತ್ತಿತ್ತು. ಕೈ ಅದುರಿಯೇ ಅದುರುತ್ತದೆ ಅಂತಲೂ ಗೊತ್ತಿತ್ತು. ಮನಸ್ಸನ್ನು ಕಟ್ಟಬಹುದು, ಬೆರಳನ್ನು ಹೇಗೆ ಕಟ್ಟುವುದು?

"ಇಪೋ" ಅಂದು ಚಿಕ್ಕಯ್ಯ ಉಂಗುರದ ಬೆರಳು ಒತ್ತಿದ. ಅದು ಡ್ರಾಯರಿನಲ್ಲಿ ಮುರಿದ ಬೆರಳು. ಮಹದೇವು ಕಿರುಚಿ, ಕುರ್ಚಿಯಿಂದ ಅರ್ಧ ಎದ್ದು, ವಾಂತಿ ಮಾಡಿಕೊಂಡ.

ಚಿಕ್ಕಯ್ಯ ಟವಲ್ಲು ಎತ್ತಿ ನೋಡಿ ಪ್ರಸಾದನ ಕಡೆ ತಿರುಗಿದ. "ಥೂ ನಿನ್ನ! ಬೆರಳು ಮೊದ್ಲೇ ಕೆಡಿಸ್ಬುಟ್ಟಿದ್ದೀಯಲ್ಲೋ. ಇನ್ನು ಇದು ಏನ್ ಹೇಳ್ತದೆ? ಯಾವೂರು ಅಂದ್ರೂ ಅರಚ್ಕತದೆ."

"ನೀವೇ ಫೋನು ತೆಗ್ಸು ಅಂದ್ರಿ."

"ಎಡಗೈ ಹೆಬ್ಬೆರ್ಳು ಇರಲಿಲ್ವೇನ್ಲಾ, ಕತ್ತೆ?"

ಸಿಟ್ಟು ಎಲ್ಲಿಯಾದರೂ ಇಳಿಯಬೇಕಿತ್ತು. ಚಿಕ್ಕಯ್ಯ ಇನ್ನೂ ಹಿಡಿದೇ ಇದ್ದ ಕೈಯ ತೋರುಬೆರಳನ್ನು ಹಿಂದಕ್ಕೆ ಬಗ್ಗಿಸಿದ. ನಿಧಾನವಾಗಿ, ಎಷ್ಟು ಬಗ್ಗುತ್ತದೆ ಅಂತ ನೋಡುವವನ ಹಾಗೆ. ಅದು ಬಗ್ಗುವಷ್ಟು ಬಗ್ಗಿ ಮುರಿಯಿತು. ಸ್ವಲ್ಪ ಹೊತ್ತು ಮಹದೇವುಗೆ ಏನೂ ಕಾಣಲಿಲ್ಲ. ಗಿರಣಿಯ ಸದ್ದು ದೂರ ಹೋಗಿ ಮತ್ತೆ ಹತ್ತಿರ ಬಂತು.

ಕಣ್ಣು ಬಿಟ್ಟಾಗ ಚಿಕ್ಕಯ್ಯ ಫೋನಿನಲ್ಲಿ ರೂಮುಗಳ ಫೋಟೋ ನೋಡುತ್ತಿದ್ದ, ಸೈಟಿನ ನಕ್ಷೆ ನೋಡುವ ಹಾಗೆ, ಕನ್ನಡಕ ಮೂಗಿನ ತುದಿಗೆ ಇಳಿಸಿ.

"ಇಪೋದ್ದು ಕಮ್ಮಿ ಕಣ್ಲಾ ಪ್ರಸಾದ. ದಿನಕ್ಕೆ ಸಾವ್ರದ ನೂರು. ಇವ್ನು ಕಮ್ಮೀದನ್ನೇ ತಗಳಾದು."

ಮಹದೇವು, ಬಾಯಿ ಬಿಟ್ಟರೆ ಕೆಟ್ಟೆ ಅಂದುಕೊಂಡು ತಲೆ ತಗ್ಗಿಸಿದ. ಬಾಯಿಂದ ರಕ್ತ ಬೆರೆತ ಜೊಲ್ಲು ಅಂಗಿಯ ಮೇಲೆ ಇಳಿಯುತ್ತಿತ್ತು.

"ತಡಿ ತಡಿ" ಅಂದ ಚಿಕ್ಕಯ್ಯ. "ಪೆನಾಂಗಿನ್ ರೂಮ್ನಾಗೆ ಒಲೆ ಐತೆ ನೋಡ್ಲಾ. ತಪ್ಪಲೇನೂ ಐತೆ." ಅವನ ದನಿ ಇದ್ದಕ್ಕಿದ್ದ ಹಾಗೆ ಮೆತ್ತಗಾಯಿತು. "ನನ್ ಮಗ್ಳು ಮುದ್ದೆ ಇಲ್ದೆ ಎರಡು ದಿನ ಇರಾಕಿಲ್ಲ. ಹುಟ್ದಾಗ್ಲಿಂದ ಅಂಗೆ. ಇಪ್ಪತ್ತೆಂಟು ದಿನ ಎಂಗಿದ್ದಾಳು? ಹೊರ್ಗೆ ತಿಂದ್ರೆ ಅದು ರೂಮಿಗಿಂತ ದುಬಾರಿ. ಇದೇ. ಪೆನಾಂಗೇ."

ಎರಡು ಕ್ಷಣ ಅವನು ಯಾವ ಅಪ್ಪನಾದರೂ ಆಗಿದ್ದ. ಆಮೇಲೆ ಕನ್ನಡಕ ಮೇಲೇರಿಸಿದ. "ಆದ್ರೂ ಗಟ್ಟಿ ಮಾಡ್ಕಬೇಕು. ಎಷ್ಟೊತ್ಗೆ ಗಡುವು?"

ಪ್ರಸಾದ್ ಫೋನು ನೋಡಿ, "ರಾತ್ರಿ ಎಂಟು ಅಂತದೆ" ಅಂದ.

"ಅಲ್ಲೀದು ಅದು." ಚಿಕ್ಕಯ್ಯ ಗೋಡೆಯ ಎರಡನೇ ಗಡಿಯಾರ ನೋಡಿದ. ಏಳೂವರೆ ಆಗುತ್ತಾ ಬಂದಿತ್ತು. "ಇನ್ನು ಅರ್ಧ ಗಂಟೆ. ಕಾಯನ. ಇವ್ನು ಅವ್ವನ್ ಗುಂಡಿ ಪಕ್ಕ ನಿಂತ್ಕಂಡು ರೂಮು ಬುಟ್ಟೋನು. ನಾನೇ ಕಣ್ಣಾರ ಕಂಡಿವ್ನಿ. ಬಾಯಿ ಸುಳ್ಳೇಳ್ತದೆ, ದುಡ್ಡು ಸುಳ್ಳೇಳಾಕಿಲ್ಲ. ಮಾದೇವ, ಬೇಡಾದ್ದ ಎರಡು ನೀನೇ ಬುಡು. ಯಾವ್ದು ಉಳಿಸ್ಕತೀಯೋ ಅಲ್ಲವ್ಳೆ ನನ್ ಮಗ್ಳು. ಮೂರೂ ಉಳಿಸ್ದೆ ಅನ್ನು, ಲಕ್ಷ ಕಳ್ಕತೀಯ, ಒಂದೊಂದಕ್ಕೆ ಒಂದೊಂದು ಕೈಕಾಲು ಕಳ್ಕತೀಯ. ಮೂರೂ ಬುಟ್ಟೆ ಅನ್ನು, ನಿನ್ ಅಕ್ಕ ಮನೇಲವ್ಳೆ. ಅವ್ಳನ್ನ ಕೇಳ್ತೀನಿ, ಇದೇ ಟವಲ್ನಾಗೆ."

ಅಕ್ಕ ದೇವಿರಮ್ಮನ ಕೈ ಮಹದೇವುವಿನ ಕಣ್ಣ ಮುಂದೆ ಬಂತು. ಫೆಬ್ರವರಿಯಲ್ಲಿ ಕುಡುಗೋಲಿಗೆ ಅಡ್ಡ ಹೋಗಿ ಅಂಗೈ ಸೀಳಿಕೊಂಡ ಕೈ. ಗಗನಳ ಪಾಸ್‌ಪೋರ್ಟನ್ನು ಭತ್ತ ತುಂಬಿಡುವ ಪಣತದಿಂದ ತೆಗೆದು, ಸೆರಗಿನಲ್ಲಿ ಸುತ್ತಿ ಅವನಿಗೆ ಕೊಟ್ಟಿದ್ದೂ ಅದೇ ಕೈ.

ಐದಾಯಿತು. ಐದೂ ಹತ್ತಾಯಿತು. ಪ್ರಸಾದ್ ನಡುನಡುವೆ ಬೇಜಾರಿಗೆ ಅನ್ನುವ ಹಾಗೆ ಸರಳಿನ ತುದಿಯಿಂದ ಅವನ ಮೊಣಕಾಲು ತಿವಿಯುತ್ತಿದ್ದ. ನೋವಿನ ಮಧ್ಯೆ ಮಹದೇವುವಿನ ತಲೆಯೊಳಗೆ ಒಂದು ಸಣ್ಣ ಜಾಗ ತಿಳಿಯಾಗಿ ಉಳಿದಿತ್ತು. ಅಲ್ಲಿ ಅವನು ಲೆಕ್ಕ ಹಾಕುತ್ತಿದ್ದ. ಇಪೋ ಬಿಟ್ಟರೆ ಗಗನ ಅಲ್ಲಿಗೆ ಹೋಗಿ ನಿಂತು ರೂಮಿಲ್ಲ ಅನ್ನಿಸಿಕೊಳ್ಳುತ್ತಾಳೆ. ಆದರೆ ರೂಮು ಬಿಟ್ಟ ತಕ್ಷಣ ಒಂದು ಮೇಲ್ ಅವಳಿಗೂ ಹೋಗುತ್ತದೆ. ಎರಡು ವರ್ಷ ಅವನ ಪಕ್ಕದಲ್ಲಿ ಕೂತು ಕೆಲಸ ಕಲಿತವಳು. ಬೇಕಾದ ರೂಮನ್ನು ಮಾವ ಬಿಡುವುದಿಲ್ಲ, ಬೇಡವಾದ ರೂಮಿಗೆ ಮಾವ ದುಡ್ಡು ಕಟ್ಟುವುದಿಲ್ಲ ಅಂತ ಅವಳಿಗಿಂತ ಚೆನ್ನಾಗಿ ತಿಳಿದವರು ಯಾರು? ಚಿಕ್ಕಯ್ಯನಿಗೆ ಈಮೇಲಿನ ಗೊಡವೆ ಇಲ್ಲ. ಅವನ ಮೇಲ್‌ಗೀಲನ್ನೆಲ್ಲ ತೆಗೆದು ಓದಿ ಹೇಳುತ್ತಿದ್ದವಳೇ ಗಗನ.

"ಇಪ್ಪತ್ನಿಮಿಷ ಆಯ್ತು ಐದಕ್ಕೆ ಮ್ಯಾಲೆ" ಅಂದ ಚಿಕ್ಕಯ್ಯ. "ಹೂಂ."

ಫೋನನ್ನು ಮೇಜಿನ ಮೇಲಿಟ್ಟರು. ಚಿಕ್ಕಯ್ಯ ಟವಲ್ಲಿನ ಕೆಳಗೆ ಅವನ ಬಲಗೈಯನ್ನು ಮತ್ತೆ ಹಿಡಿದುಕೊಂಡ. ಮಹದೇವು ಎಡಗೈ ಚಾಚಿದ. ಬೆರಳಿಗೆ ರಕ್ತ ಅಂಟಿ ಗಾಜಿನ ಮೇಲೆ ಜಾರುತ್ತಿತ್ತು; ಅಂಗಿಗೆ ಒರೆಸಿಕೊಂಡ. ಮಲಾಕ ತೆಗೆದು ರದ್ದು ಒತ್ತಿದ.

"ಒಂದು" ಅಂದ ಪ್ರಸಾದ್.

ಇಪೋ ತೆಗೆದ. ಅಲ್ಲಿಯ ರೂಮಿನ ಕಿಟಕಿಯಲ್ಲಿ ಸುಣ್ಣದ ಬೆಟ್ಟ ಕಾಣುತ್ತಿತ್ತು. ಮಾವ, ನಮ್ಮ ಚಾಮುಂಡಿಬೆಟ್ಟದ ತಂಗಿ ಇದ್ದಂಗಿದೆ ನೋಡಿ ಅಂದಿದ್ದಳು. ರದ್ದು ಒತ್ತಿದ. ಟವಲ್ಲಿನ ಕೆಳಗಿನ ಕೈ ಬಿಸಿಯಾದ ಮಾಂಸದ ಮುದ್ದೆಯಾಗಿತ್ತು, ಅದುರಲು ಅದರಲ್ಲಿ ಏನೂ ಉಳಿದಿರಲಿಲ್ಲ.

"ಎರಡು."

ಆಮೇಲೆ ಕಾದರು. ಐದೂ ಇಪ್ಪತ್ತೈದು. ಐದೂ ಇಪ್ಪತ್ತೆಂಟು. ಪೆನಾಂಗಿನ ಪುಟ ತೆರೆದೇ ಇತ್ತು. ರದ್ದು ಅನ್ನುವ ಕೆಂಪು ಗುಂಡಿ, ಅದರ ಕೆಳಗೆ ನಲವತ್ತೊಂದು ಸಾವಿರದ ಐನೂರ ಇಪ್ಪತ್ತನಾಲ್ಕು ರೂಪಾಯಿ. ಯಾರೂ ಮಲಗದ ಹಾಸಿಗೆಗೆ, ಯಾರೂ ಹೊತ್ತಿಸದ ಒಲೆಗೆ. ಹನ್ನೆರಡು ವರ್ಷದ ಅಭ್ಯಾಸ ಎಡಗೈಯನ್ನು ತಾನೇ ಎತ್ತಿತು. ಮಹದೇವು ಅದನ್ನು ತೊಡೆಯ ಕೆಳಗೆ ಹಾಕಿ ಅದರ ಮೇಲೆ ಕೂತ. ಫೋನು ಒಂದು ಸಲ ನಡುಗಿತು. ಕಾರ್ಡಿನಿಂದ ದುಡ್ಡು ಹೋಯಿತು.

ಅವನ ಎದೆಯಿಂದ ಒಂದು ನರಳು ಹೊರಟಿತು. ಬೆರಳು ಮುರಿದಾಗ ಬಂದದ್ದಕ್ಕಿಂತ ಆಳದ್ದು. ಆಮೇಲೆ ಅದನ್ನು ನೆನೆದಾಗಲೆಲ್ಲ ಅವನಿಗೆ ನಾಚಿಕೆಯಾಗುತ್ತಿತ್ತು. ಅದು ಗಗನಳಿಗಾಗಿ ಬಂದದ್ದಲ್ಲ, ನಲವತ್ತೊಂದು ಸಾವಿರಕ್ಕಾಗಿ ಬಂದದ್ದು.

ಚಿಕ್ಕಯ್ಯ ಅದನ್ನು ಬೇರೆ ಥರ ಕೇಳಿಸಿಕೊಂಡ. ಟವಲ್ಲು ತೆಗೆದು, ಒದರಿ, ಹೆಗಲಿಗೆ ಹಾಕಿಕೊಂಡ. "ನೋಡ್ದಾ? ಮಗ್ಳನ್ನ ಬುಟ್ಕೊಟ್ಟ ಸಂಕ್ಟ ಅದು. ಮುಗೀತು ಯಾಪಾರ. ಈಗ ನಮ್ಮಿಬ್ಬರ್ಗೂ ಟಿಕೆಟ್ ಮಾಡು. ನಾಳೀಕೆ ಹೋಗಾದು, ಬುಧವಾರ ಬರಾದು. ಅದೇ ಹೋಟ್ಲಾಗೆ ಒಂದು ರೂಮು."

ಅವರ ಪಾಸ್‌ಪೋರ್ಟಿನ ನಕಲು ಹೋದ ವರ್ಷದಿಂದ ಕಂಪ್ಯೂಟರಿನಲ್ಲೇ ಇತ್ತು. ಮಹದೇವು ಎಡಗೈಯಲ್ಲಿ ಒಂದೊಂದೇ ಅಕ್ಷರ ಒತ್ತಿದ. ರಕ್ತ ಕೀಲಿಮಣೆಯ ಸಂದಿಗೆ ಇಳಿಯಿತು.

"ದುಡ್ಡು ನಂದೇ" ಅಂದ ಚಿಕ್ಕಯ್ಯ. "ನನ್ ಮಗ್ಳ ಕೆಲ್ಸ. ನಿನ್ ಹಂಗು ಬೇಡ. ಏಸಾಯ್ತು?"

"ವಾಪಸ್ ಬರೋ ದಿನ ಬದಲಾಯಿಸ್ಬೋದು ಅನ್ನೋ ಟಿಕೆಟ್ಟು ತಲಾ ಆರು ಸಾವ್ರ ಜಾಸ್ತಿ ಭಾವ." ಮುರಿದ ಹಲ್ಲಿನ ಸಂದಿಯಲ್ಲಿ ಮಾತು ತೊದಲುತ್ತಿತ್ತು. "ಬದಲಾಯಿಸೋಕಾಗದ್ದು ಕಮ್ಮಿ. ದುಡ್ಡು ವಾಪಸ್ಸಿಲ್ಲ."

"ಆರು ಸಾವ್ರ ಯಾಕ್ಲಾ ದಂಡ? ಬುಧವಾರ ಅಂದ್ರೆ ಬುಧವಾರ. ಕಮ್ಮೀದೇ ಮಾಡು. ಊಟ ಸೇರ್ಸಿ ರೂಮಾ?"

"ಬೆಳಿಗ್ಗೆ ತಿಂಡಿ ಮಾತ್ರ."

"ಒಲೆ ಐತಲ್ಲ, ಬುಡು. ಹಿಟ್ಟು ಒಯ್ತೀವಿ."

ಕೆಲಸ ಮುಗಿದ ಮೇಲೆ ಪ್ರಸಾದ್ ಮಹದೇವುವಿನ ಫೋನನ್ನು ನೆಲದ ಮೇಲಿಟ್ಟು, ಮೇಜಿನ ಕಾಲು ಎತ್ತಿ ಅದರ ಮೇಲೆ ಬಿಟ್ಟ. ಚಿಕ್ಕಯ್ಯ ಬಾಗಿಲ ಹತ್ತಿರ ನಿಂತು ತಿರುಗಿದ. "ಅವ್ಳಿಗೆ ಸುಳಿವು ಸಿಕ್ತೋ, ಪೋಲಿಸ್ನೋರು ಬಂದ್ರೋ, ದೇವಿ ಇರಾಕಿಲ್ಲ. ನಿನ್ ಅಕ್ಕ ಅಂತ ಹೇಳ್ತಾ ಇವ್ನಿ" ಅಂದ. ಪ್ರಸಾದ್ ಸರಳನ್ನು ಎರಡೂ ಕೈಯಲ್ಲಿ ಎತ್ತಿದ್ದು ಮಹದೇವುಗೆ ಕಂಡಿತು. ಅದು ಇಳಿದದ್ದು ಕಾಣಲಿಲ್ಲ.

*

ಹೆಂಡತಿ ಬಿಂದುಶ್ರೀ ಏಳು ಗಂಟೆಗೆ ಬಂದು ಶಟರು ಎತ್ತಿಸಿದಳು. ಆಸ್ಪತ್ರೆಯಲ್ಲಿ ತಲೆಗೆ ಹದಿನಾಲ್ಕು ಹೊಲಿಗೆ ಬಿತ್ತು, ಮುರಿದ ಬೆರಳುಗಳಿಗೆ ತಂತಿ ಹಾಕಿದರು, ಎರಡು ಪಕ್ಕೆಲುಬೂ ಮುರಿದಿತ್ತು. ಶಟರು ಜಾರಿ ಬಿತ್ತು ಅಂದ ಮಹದೇವು. ಡಾಕ್ಟರು ಅವನ ಬೆರಳುಗಳನ್ನೂ ಅವನ ಮುಖವನ್ನೂ ನೋಡಿ, "ಶಟರು ಒಂದೊಂದೇ ಬೆರಳಿನ ಮೇಲೆ ಬಿತ್ತಾ?" ಅಂತ ಕೇಳಿದರು. ಅವನು ಗೋಡೆಯ ಕಡೆ ತಿರುಗಿದ.

ಹೆಂಡತಿಗೆ ಮಾತ್ರ ಎಲ್ಲ ಹೇಳಿದ. ಅವಳು ಅಳಲಿಲ್ಲ. "ಅವರು ವಿಮಾನ ಹತ್ತೋದು ಯಾವಾಗ?" ಅಂತ ಕೇಳಿದಳು. ಶುಕ್ರವಾರ ರಾತ್ರಿ. ಶನಿವಾರ ಬೆಳಿಗ್ಗೆ ಅವಳು ಆಟೋ ಮಾಡಿಕೊಂಡು ಊರಿಗೆ ಹೋಗಿ ದೇವಿರಮ್ಮನನ್ನು ಉಟ್ಟ ಸೀರೆಯಲ್ಲೇ ಕರೆದುಕೊಂಡು ಬಂದಳು.

ಭಾನುವಾರ ಮಧ್ಯಾಹ್ನ ಬಿಂದುಶ್ರೀಯ ಫೋನಿಗೆ ಗೊತ್ತಿಲ್ಲದ ನಂಬರಿನಿಂದ ಒಂದು ಮೆಸೇಜು ಬಂತು. ಅವಳು ಮಂಚದ ಪಕ್ಕ ಕೂತು ಮೆಲ್ಲಗೆ ಓದಿದಳು.

"ಮಾವ, ಇಳಿದ ತಕ್ಷಣ ಮೇಲ್ ನೋಡಿದೆ. ನೀವು ಇಪೋ ಬಿಟ್ಟು ಪೆನಾಂಗಿಗೆ ದುಡ್ಡು ಕಟ್ಟಿದ್ದೀರಿ ಅಂದ್ರೆ ಪಕ್ಕದಲ್ಲಿ ಯಾರೋ ಕೂತಿದ್ದಾರೆ ಅಂತ ಗೊತ್ತಾಯ್ತು. ಮೂರೂ ಅಲ್ಲದ ಊರಿಗೆ ಬಂದಿದ್ದೀವಿ. ಹೆಸರು ಹೇಳಲ್ಲ. ನೀವು ಹೇಳಿಕೊಟ್ಟ ಹಾಗೆ ರಾತ್ರಿ ಒಂಬತ್ತರ ಮೇಲೆ ಕೌಂಟರಿಗೆ ಹೋಗಿ ಖಾಲಿ ರೂಮು ಎಷ್ಟಿವೆ ಅಂತ ಕೇಳಿದೆ. ಬೋರ್ಡಿನ ಮೇಲಿದ್ದ ರೇಟಿಗಿಂತ ನಲವತ್ತು ಪರ್ಸೆಂಟು ಕಮ್ಮಿ ಮಾಡಿದ್ರು. ನಿಮ್ಮ ಕೈಯಲ್ಲಾದ್ರೆ ಐವತ್ತು ಮಾಡಿಸ್ತಿದ್ರಿ. ನಿಮಗೆ ಏನೂ ಆಗಿಲ್ಲ ತಾನೆ?"

"ಏನಂತ ಬರೀಲಿ?" ಅಂದಳು ಬಿಂದುಶ್ರೀ.

"ನಲವತ್ತು ಒಳ್ಳೇ ರೇಟು ಅಂತ ಬರಿ."

ಅವಳು ಬರೆಯುತ್ತಿದ್ದಾಗಲೇ ಫೋನು ಬಡಿದುಕೊಂಡಿತು. ಪ್ರಸಾದ್. ಅವಳು ತೆಗೆದು, ಮಾತಾಡದೆ, ಧ್ವನಿಮುದ್ರಣದ ಗುಂಡಿ ಒತ್ತಿದಳು. ಆಚೆಯಿಂದ ದನಿ ವಾರ್ಡಿನ ಅರ್ಧಕ್ಕೆ ಕೇಳುವಷ್ಟು ಜೋರಾಗಿತ್ತು. ಎರಡು ದಿನದಿಂದ ಖಾಲಿ ರೂಮಿನ ಬಾಗಿಲು ಕಾಯುತ್ತಿದ್ದೀವಿ, ಬೆರಳು ಮುರಿದದ್ದು ಸಾಲಲಿಲ್ಲವಾ, ಬುಧವಾರ ಬಂದು ನಿನ್ನ ಎರಡೂ ಕೈ ಕಡಿದು ಆ ಡ್ರಾಯರಿಗೇ ಹಾಕ್ತೀನಿ, ಆಮೇಲೆ ಅಕ್ಕ, ಆಮೇಲೆ ನಿನ್ನ ಹೆಂಡತಿ. ಹಿಂದಿನಿಂದ ಚಿಕ್ಕಯ್ಯ, "ಐಎಸ್‌ಡಿ ಕಣ್ಲಾ, ಇಕ್ಕು ಫೋನು" ಅಂದದ್ದೂ ಅದರಲ್ಲಿ ದಾಖಲಾಯಿತು.

ಸೋಮವಾರ ಡಾಕ್ಟರು ಬೇಡ ಅಂದರೂ ಮಹದೇವು ಎದ್ದು, ಹೆಂಡತಿಯ ಹೆಗಲು ಹಿಡಿದುಕೊಂಡು ಠಾಣೆಗೆ ಹೋದ. ದೇವಿರಮ್ಮನೂ ಜೊತೆಗೆ ಬಂದು ಹೊರಗಿನ ಬೆಂಚಿನಲ್ಲಿ ಕೂತಳು. ಸಬ್ ಇನ್‌ಸ್ಪೆಕ್ಟರ್ ಮಾಲವಿಕಾ ಅನ್ನುವ ಹೆಂಗಸು ಎಲ್ಲವನ್ನೂ ಕೇಳಿ, ಧ್ವನಿಮುದ್ರಣವನ್ನು ಎರಡು ಸಲ ಹಾಕಿಸಿ, ಬರೆದುಕೊಂಡರು.

"ವಾಪಸ್ ಯಾವಾಗ ಬರ್ತಾರೆ?"

"ಬುಧವಾರ ರಾತ್ರಿ ಹತ್ತೂ ನಲವತ್ತಕ್ಕೆ ಬೆಂಗಳೂರಲ್ಲಿ ಇಳೀತಾರೆ ಮೇಡಂ. ಸೀಟು ಹದಿನೇಳು ಎ, ಬಿ. ನಾನೇ ಮಾಡಿಸಿದ್ದು."

"ಇಷ್ಟೆಲ್ಲ ಆದ್ಮೇಲೆ ಅದೇ ವಿಮಾನಕ್ಕೆ ಬರ್ತಾರೇನ್ರಿ? ಅವರಿಗೂ ಅನುಮಾನ ಇರುತ್ತೆ. ಬೇರೆ ದಿನ, ಬೇರೆ ಊರಿಗೆ ಇಳಿದ್ರೆ?"

ಮಹದೇವು ಬ್ಯಾಂಡೇಜು ಸುತ್ತಿದ ಬಲಗೈಯನ್ನು ಎಡಗೈಯಿಂದ ಎತ್ತಿ ಮೇಜಿನ ಮೇಲಿಟ್ಟುಕೊಂಡ. "ಇಲ್ಲ ಮೇಡಂ. ದಿನ ಬದಲಾಯಿಸೋಕಾಗದ ಟಿಕೆಟ್ಟು. ಬಿಟ್ರೆ ಇಬ್ಬರದೂ ಸೇರಿ ಇಪ್ಪತ್ತೆರಡು ಸಾವಿರ ಹೋಗ್ತದೆ. ನಮ್ ಭಾವ ದುಡ್ಡು ಬಿಡೋನಲ್ಲ."

ಮಾಲವಿಕಾ ವಿಮಾನದ ನಂಬರು ಬರೆದುಕೊಂಡರು. ರುಜುವಿನ ಜಾಗದಲ್ಲಿ ಅವನು ಎಡಗೈ ಹೆಬ್ಬೆಟ್ಟು ಒತ್ತಿದ.

ಹೊರಗೆ ದೇವಿರಮ್ಮ ಎದ್ದು ನಿಂತಳು. ಅಂಗೈಯ ಗಾಯದ ಗೆರೆಯನ್ನು ಇನ್ನೊಂದು ಕೈಯ ಹೆಬ್ಬೆರಳಿನಿಂದ ಉಜ್ಜಿಕೊಳ್ಳುತ್ತಿದ್ದಳು. "ಮಗ ಚೆಂದಾಗವ್ಳಂತಾ?"

"ಚೆನ್ನಾಗವ್ಳೆ ಅಕ್ಕ."

"ಯಾವೂರು ಅಂತ ನಿಂಗೆ ಗೊತ್ತಾದ್ರೂ ನಂಗೆ ಹೇಳ್ಬೇಡ ಕಣೋ ಮಾದೇವ" ಅಂದಳು. "ನಾನು ನಿನ್ನಷ್ಟು ಗಟ್ಟಿ ಅಲ್ಲ. ಹೊಡುದ್ರೆ ಹೇಳ್ಬುಡ್ತೀನಿ."